ತೇಪೆ ಬಂತು, ನಮ್ಮ ಬೀದಿಗೆ ಬರಲಿಲ್ಲ

ಮೊನ್ನೆ ರಾಗಿಗುಡ್ಡದಲ್ಲಿ ನಮ್ಮ ಮನೆ ಹತ್ತಿರದ ಡಿಟಿಪಿ ಅಂಗಡಿಗೆ ಗೃಹಪ್ರವೇಶದ ಕರೆಯೋಲೆ ಮಾಡಿಸಲು ಹೋಗಿದ್ದೆ. ಡಿಸೈನುಗಳೆಲ್ಲ ಒಂದು ರಾರ್ ಫೈಲಿನಲ್ಲಿ ಬಂದಿದ್ದವು. ಹುಡುಗ ಡಬಲ್ ಕ್ಲಿಕ್ ಮಾಡಿದ. ವಿನ್‌ರಾರ್ ತೆರೆಯಿತು, ಜೊತೆಗೆ ನಮಗೆಲ್ಲ ಚಿರಪರಿಚಿತವಾದ ಆ ಪುಟ್ಟ ಪೆಟ್ಟಿಗೆಯೂ ಬಂತು: 40 ದಿನದ ಪ್ರಯೋಗಾವಧಿ ಮುಗಿದಿದೆ, ಕೊಂಡುಕೊಳ್ಳಿ ಅಂತ. ಅವನು ಅದರ ಮುಖ ಕೂಡ ನೋಡದೆ ಮುಚ್ಚಿದ (ನಾವೆಲ್ಲ ಮಾಡುವುದೂ ಅದನ್ನೇ ಬಿಡಿ!). ಕುತೂಹಲಕ್ಕೆ ಹೆಲ್ಪ್ ಒತ್ತಿಸಿ ಆವೃತ್ತಿ ನೋಡಿದೆ. 5.31. ಅಂದರೆ 2016ರದ್ದು.

"ಇದನ್ನ ಅಪ್‌ಡೇಟ್ ಮಾಡೇ ಇಲ್ವೇನೋ?" ಅಂದೆ.

"ಕೆಲ್ಸ ಮಾಡ್ತಾ ಇದ್ಯಲ್ಲ ಅಣ್ಣ. ಮುಟ್ಟಿದ್ರೆ ಸುಮ್ನೆ ತಲೆನೋವು" ಅಂದ.

ಅವನ ಮಾತು ತಪ್ಪು ಅಂತ ಥಟ್ಟನೆ ಹೇಳಲು ಬಾಯಿ ಬರಲಿಲ್ಲ. ನುಡಿ, ಬರಹ, ಪೇಜ್‌ಮೇಕರ್ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಹೇಗೋ ನಡೆಯುತ್ತಿರುವ ಕಂಪ್ಯೂಟರನ್ನು ಮುಟ್ಟಲು ಯಾರಿಗಾದರೂ ಭಯವೇ. ಆದರೆ ಆ 5.31ರ ಕಥೆ ಬೇರೆ.

ರಾರ್, ಜಿಪ್ ಇವೆಲ್ಲ ಒಂದು ಗಂಟು ಇದ್ದ ಹಾಗೆ. ಒಳಗಿರುವ ಪ್ರತಿ ಫೈಲಿನ ಮೇಲೂ ಒಂದು ಚೀಟಿ ಇರುತ್ತದೆ, ಇದನ್ನು ಎಲ್ಲಿ ಇಡಬೇಕು ಅಂತ. ಗಂಟನ್ನು ಜಗಲಿ ಮೇಲೆ ಬಿಚ್ಚು ಅಂತ ನಾವು ಹೇಳಿದರೆ ಎಲ್ಲವೂ ಜಗಲಿಯಲ್ಲೇ ಇರಬೇಕು. ಯಾರೋ ಕಿಡಿಗೇಡಿ ಚೀಟಿಯಲ್ಲಿ "ಒಳಗೆ ಹೋಗಿ ಅಡುಗೆಮನೆ ಅಟ್ಟದ ಮೇಲೆ ಇಡು" ಅಂತ ಬರೆದಿದ್ದರೆ ತಂತ್ರಾಂಶ ಅದನ್ನು ತಡೆಯಬೇಕು. ತಡೆಯದಿದ್ದರೆ ಆ ಫೈಲು ನೇರ ವಿಂಡೋಸಿನ ಸ್ಟಾರ್ಟ್‌ಅಪ್ ಫೋಲ್ಡರಿಗೆ ಹೋಗಿ ಕೂರುತ್ತದೆ. ಮಾರನೇ ದಿನ ಕಂಪ್ಯೂಟರ್ ಹಚ್ಚಿದಾಗ ತಾನೇ ಓಡುತ್ತದೆ. ನೀವು ಬಿಚ್ಚಿದ್ದು ಕರೆಯೋಲೆ, ಒಳಗೆ ಬಂದದ್ದು ಕಳ್ಳ.

ವಿನ್‌ರಾರ್‌ನಲ್ಲಿ ಇಂಥದ್ದೇ ತೂತು ಇದೆ ಅಂತ ಚೆಕ್ ಪಾಯಿಂಟ್ ಕಂಪನಿಯವರು 2019ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಅದು 19 ವರ್ಷದಿಂದ ಅಲ್ಲೇ ಇತ್ತಂತೆ! ಎಸಿಇ ಅನ್ನುವ ಹಳೇ ಮಾದರಿಯ ಗಂಟು ಬಿಚ್ಚಲು ಹೊರಗಿನವರು ಬರೆದ ಒಂದು ಡಿಎಲ್‌ಎಲ್ ಫೈಲು ಅದರೊಳಗಿತ್ತು. 2005ರಿಂದ ಅದನ್ನು ಯಾರೂ ತಿದ್ದಿರಲಿಲ್ಲ, ಅದರ ಮೂಲ ಕೋಡ್ ವಿನ್‌ರಾರ್‌ನವರ ಬಳಿಯೂ ಇರಲಿಲ್ಲ. ರಿಪೇರಿ ಹೇಗೆ ಮಾಡುತ್ತಾರೆ? ಕಿತ್ತು ಬಿಸಾಕಿದರು. 5.70ರಲ್ಲಿ ಎಸಿಇ ಬೆಂಬಲವೇ ಇಲ್ಲ. ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಆದರೆ ಸುದ್ದಿ ಹೊರಬಿದ್ದ ಮೊದಲ ವಾರದಲ್ಲೇ ಆ ತೂತನ್ನು ಬಳಸುವ 100ಕ್ಕೂ ಹೆಚ್ಚು ಬಗೆಯ ದಾಳಿಗಳು ಮೆಕಾಫಿಯವರ ಕಣ್ಣಿಗೆ ಬಿದ್ದವು. ತೇಪೆ ಹಾಕಿದ ಸುದ್ದಿ ನಮಗಿಂತ ಮೊದಲು ತಲುಪುವುದು ಕಳ್ಳರಿಗೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಆಗಸ್ಟಿನಲ್ಲಿ ಇನ್ನೊಂದು ತೂತಿಗೆ 6.23 ಬಂತು. ಗಂಟಿನೊಳಗಿನ ಚಿತ್ರ ನೋಡೋಣ ಅಂತ ಕ್ಲಿಕ್ ಮಾಡಿದರೆ ಬೇರೇನೋ ಓಡುತ್ತಿತ್ತು. ಷೇರು ವ್ಯಾಪಾರ ಮಾಡುವವರನ್ನು ಆ ವರ್ಷದ ಏಪ್ರಿಲ್‌ನಿಂದಲೇ ಹೀಗೆ ದೋಚುತ್ತಿದ್ದರು. ತೇಪೆ ಬಂದು ಎರಡು ತಿಂಗಳಾದ ಮೇಲೂ ಅದೇ ತೂತಿನಿಂದ ನುಗ್ಗುತ್ತಿದ್ದಾರೆ ಅಂತ ಅಕ್ಟೋಬರ್‌ನಲ್ಲಿ ಗೂಗಲ್‌ನವರು ಹೇಳಿದರು. 2025ರಲ್ಲಿ ಮತ್ತೆ ಅದೇ ಜಗಲಿ-ಅಟ್ಟದ ಕಥೆ. ಈ ಸಲ ಕೆಲಸ ಕೇಳುವವರ ಬಯೋಡೇಟಾ ವೇಷದಲ್ಲಿ ಫೈಲು ಬರುತ್ತಿತ್ತು. ಇಸೆಟ್ ಸಂಸ್ಥೆಯವರು ಜುಲೈ 18ರಂದು ಕಂಡುಹಿಡಿದರು, ಜುಲೈ 30ಕ್ಕೆ 7.13 ಹೊರಬಂತು. 12 ದಿನ! ಅಷ್ಟು ಬೇಗ ಸರಿಮಾಡಿದವರಿಗೆ ಶಭಾಷ್ ಅನ್ನಲೇಬೇಕು.

ಆದರೆ ಆ ತೇಪೆ ರಾಗಿಗುಡ್ಡಕ್ಕೆ ಬರಲಿಲ್ಲ. ಯಾಕೆಂದರೆ ವಿನ್‌ರಾರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತಿರಲಿಲ್ಲ. ನಾವೇ ಹೋಗಿ ಇಳಿಸಿಕೊಂಡು ಹಾಕಬೇಕಿತ್ತು. ದುಡ್ಡು ಕೇಳುವ ಪೆಟ್ಟಿಗೆ ಮಾತ್ರ ತಪ್ಪದೆ ಎದುರಿಗೆ ಬರುತ್ತಿತ್ತು. "ನಿಮ್ಮ ಮನೆ ಬಾಗಿಲು ಮುರಿದಿದೆ" ಅನ್ನುವ ಸುದ್ದಿಯನ್ನೂ ಅದೇ ಪೆಟ್ಟಿಗೆಯಲ್ಲಿ ಹೇಳಬಹುದಿತ್ತಲ್ಲ? ಪುಕ್ಕಟೆ ಬಳಸುವವರಿಗೆ ಇದನ್ನೆಲ್ಲ ಕೇಳುವ ಹಕ್ಕಿದೆಯಾ ಅಂತ ನೀವು ಕೇಳಬಹುದು. ನ್ಯಾಯವೇ. ಆದರೆ 40 ದಿನ ಕಳೆದ ಮೇಲೂ ನಡೆಯಲು ಬಿಟ್ಟವರು ಅವರೇ. ಊರಿಗೆಲ್ಲ ಹಂಚಿದ ಮೇಲೆ ಊರಿನ ಕಾಳಜಿಯೂ ಇರಬೇಕು.

ಆ ಅಂಗಡಿಯ ಕಂಪ್ಯೂಟರಿನಲ್ಲಿ ಏನಿದೆ ಗೊತ್ತಾ? ನಮ್ಮ ಬಡಾವಣೆಯ ಅರ್ಧ ಜನರ ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ. ಸ್ಕ್ಯಾನ್ ಮಾಡಿಸಿದವರು ಮನೆಗೆ ಹೋದರು, ಫೈಲು ಡೆಸ್ಕ್‌ಟಾಪ್ ಮೇಲೇ ಉಳಿಯಿತು. ನನ್ನದೂ ಇದೆ. ಹಾಗಾಗಿ ಇದು ಆ ಹುಡುಗನೊಬ್ಬನ ತಲೆನೋವಲ್ಲ.

ನನ್ನನ್ನೂ ಸೇರಿಸಿಯೇ ಹೇಳುತ್ತೇನೆ. ನೆಂಟರಿಷ್ಟರ ಕಂಪ್ಯೂಟರಿಗೆಲ್ಲ ಸಿಡಿಯಿಂದ, ಪೆನ್‌ಡ್ರೈವಿನಿಂದ ವಿನ್‌ರಾರ್ ಹಾಕಿಕೊಟ್ಟವರು ಯಾರು? ನಾವೇ ಅಲ್ವಾ, ಕನ್ನಡದಲ್ಲಿ ಟೈಪ್ ಮಾಡಲು ಬರುತ್ತೆ ಅನ್ನುವ ಕಾರಣಕ್ಕೆ "ಕಂಪ್ಯೂಟರ್ ಗೊತ್ತಿರೋರು" ಅನ್ನಿಸಿಕೊಂಡವರು? ಹಾಕಿಕೊಟ್ಟು ಕಾಫಿ ಕುಡಿದು ಬಂದೆವು, ಮತ್ತೆ ತಿರುಗಿ ನೋಡಲಿಲ್ಲ. ಕಂಪನಿ ಒಂದು ಕಡೆ ತೂತು ಮುಚ್ಚಿದರೆ ಅದು ಅರ್ಧ ಕೆಲಸ. ಉಳಿದರ್ಧ ನಾವು ಹಾಕಿಕೊಟ್ಟ ಕಂಪ್ಯೂಟರುಗಳಲ್ಲಿ ಬಾಕಿ ಇದೆ.

ಕಷ್ಟವೇನಿಲ್ಲ. ಹೆಲ್ಪ್‌ಗೆ ಹೋಗಿ ಆವೃತ್ತಿ ನೋಡಿ. 7.13ಕ್ಕಿಂತ ಹಳೆಯದಾದರೆ ರಾರ್‌ಲ್ಯಾಬ್‌ನ ತಾಣದಿಂದಲೇ ಹೊಸದನ್ನು ಇಳಿಸಿ ಹಳೆಯದರ ಮೇಲೆ ಹಾಕಿ. ಫಾಂಟಿಗೂ ಪೇಜ್‌ಮೇಕರಿಗೂ ಅದರಿಂದ ಏನೂ ಆಗುವುದಿಲ್ಲ. ರಾರ್ ಫೈಲು ಅಪರೂಪಕ್ಕೆ ಬರುವುದಾದರೆ ವಿನ್‌ರಾರ್ ತೆಗೆದೇ ಹಾಕಬಹುದು. 2023ರಿಂದ ವಿಂಡೋಸ್ 11 ತಾನೇ ರಾರ್ ಬಿಚ್ಚುತ್ತದೆ.

ಅಂಗಡಿಯಲ್ಲಿ ನಾನೇ ಕೂತು ಹಾಕಿಕೊಟ್ಟೆ. ಕರೆಯೋಲೆಯ ಮೊದಲ ಪ್ರೂಫ್ ಬರುವಷ್ಟರಲ್ಲಿ ಮುಗಿದಿತ್ತು. "ಅದೇ ಪೆಟ್ಟಿಗೆ ಮತ್ತೆ ಬರುತ್ತಾ ಅಣ್ಣ?" ಅಂತ ಕೇಳಿದ. ಬರುತ್ತೆ ಅಂದೆ. ನಕ್ಕ.

ಈ ಭಾನುವಾರ ಭದ್ರಾವತಿಯಲ್ಲಿ ಅತ್ತೆ ಮನೆ ಕಂಪ್ಯೂಟರ್ ನೋಡುವುದಿದೆ. ನೀವು ಹಾಕಿಕೊಟ್ಟವು ಎಷ್ಟಿವೆ? ಲೆಕ್ಕ ಹಾಕಿ, ಇಲ್ಲಿ ಬಂದು ಹೇಳಿ.