ಜೋಮು ಹಿಡಿದ ಕಾಲಿಗೂ ಸ್ವಭಾವದ ಅಂಕವೇ?

ನರರೋಗಿಗಳಿಗೆ ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆ ಮಾಡಿಸಿ, ಬಂದ ಅಂಕವನ್ನು ಹಾಗೆಹಾಗೇ ನಂಬಬಾರದು ಎಂಬುದು ನನ್ನ ವಾದ. ಇದನ್ನು ಒಪ್ಪದವರ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಅಂಕ ಹಾಕುವುದು ಯಂತ್ರ, ಅದರಲ್ಲಿ ಪಕ್ಷಪಾತ ಎಲ್ಲಿಂದ ಬರಬೇಕು ಎನ್ನುತ್ತಾರೆ. ಎಣಿಕೆಯಲ್ಲಿ ಪಕ್ಷಪಾತವಿಲ್ಲ, ಸರಿ. ಎಣಿಸುತ್ತಿರುವುದು ಏನನ್ನು ಎಂಬುದೇ ನನ್ನ ತಕರಾರು. ಹ್ಯಾಥವೇ ಮತ್ತು ಮೆಕಿನ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1943ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ಹುಟ್ಟಿದ್ದು ಮನೋರೋಗ ಗುರುತಿಸುವುದಕ್ಕೆ. ಹೋಲಿಕೆಗೆಂದು ಆರಿಸಿದ ‘ಸಾಮಾನ್ಯರು’ ಬಹುಪಾಲು ಅಲ್ಲಿನ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರು. 1989ರ ಪರಿಷ್ಕೃತ ರೂಪದಲ್ಲಿ 567 ಹೇಳಿಕೆಗಳಿವೆ. ಅದರಲ್ಲಿ ಸ್ಕಿಜೋಫ್ರೀನಿಯಾ ಹೆಸರಿನ ಎಂಟನೇ ಮಾಪಕವನ್ನು ಬಿಡಿಸಿ ನೋಡಿ. ಚರ್ಮ ಮರಗಟ್ಟುವುದು, ಸ್ನಾಯುಗಳ ಬಲ ಕುಂದುವುದು, ಮಾತಿನ ರೀತಿ ಬದಲಾಗುವುದು, ತಾನೇ ಮಾಡಿದ ಕೆಲಸ ಆಮೇಲೆ ನೆನಪಿಲ್ಲದಿರುವುದು: ಇವಕ್ಕೆಲ್ಲ ಅಲ್ಲಿ ಅಂಕವುಂಟು. ನಡೆಯುತ್ತಿದ್ದಾಗ ಚಪ್ಪಲಿ ಕಾಲಿಂದ ಕಳಚಿಹೋದರೂ ಗೊತ್ತಾಗದ, ಹತ್ತು ಹೆಜ್ಜೆ ದಾಟಿದ ಮೇಲೆ ಬೇರೆಯವರು ಕೂಗಿ ಹೇಳಬೇಕಾದ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿ ಏನೆಂದು ಉತ್ತರಿಸಬೇಕು? ಇದ್ದದ್ದನ್ನು ಇದ್ದಂತೆ ಹೇಳಿದಷ್ಟೂ ಆ ಮಾಪಕದಲ್ಲಿ ಆಕೆಯ ಅಂಕ ಮೇಲೇರುತ್ತದೆ. ಸಾಮಾನ್ಯರಿಗೆ ಹೋಲಿಸಿ ಲೆಕ್ಕಹಾಕುವ ಟಿ-ಅಂಕ 65 ದಾಟಿತೋ, ಫೈಲಿನಲ್ಲಿ ‘ಮಾನಸಿಕ’ ಎಂಬ ಷರಾ ಬೀಳುತ್ತದೆ. ಆಮೇಲೆ ಆಕೆ ಯಾವ ನೋವು ಹೇಳಿಕೊಂಡರೂ ಕೇಳುವವರಿಲ್ಲ.

ಅದಕ್ಕೇ ತಿದ್ದುಪಡಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ತಲೆಗೆ ಪೆಟ್ಟಾದವರಿಗೆ 14, ಪಾರ್ಶ್ವವಾಯು ಹೊಡೆದವರಿಗೆ 21 ನರಲಕ್ಷಣದ ಹೇಳಿಕೆಗಳನ್ನು ಗ್ಯಾಸ್ ಎಂಬ ಸಂಶೋಧಕರು ತೊಂಬತ್ತರ ದಶಕದ ಆರಂಭದಲ್ಲೇ ಗುರುತಿಸಿಕೊಟ್ಟರು. ಆದರೆ ಅವನ್ನು ಕಣ್ಣುಮುಚ್ಚಿ ತೆಗೆದುಹಾಕಿದರೆ, ಸಣ್ಣ ಪೆಟ್ಟು ಬಿದ್ದು ಎಂದೋ ವಾಸಿಯಾಗಿ, ಈಗ ನಿಜಕ್ಕೂ ಆತಂಕದಿಂದಲೇ ತಲೆಸುತ್ತು ಬರುತ್ತಿರುವವನ ಸಂಕಟವೂ ಅದರ ಜತೆಗೇ ಅಳಿಸಿಹೋಗುತ್ತದೆ. ತಿದ್ದಿದ್ದು, ತಿದ್ದದ್ದು ಎರಡೂ ಅಂಕ ಹಾಕಿ, ಪಕ್ಕಪಕ್ಕ ಇಟ್ಟು ನೋಡಬಹುದು. ಅದಕ್ಕಿಂತ ಹೆಚ್ಚಿನ ಕೆಲಸ ಆ ತಿದ್ದುಪಡಿಯಿಂದ ಆಗದು.

ಸುಳ್ಳು ಉತ್ತರ ಹಿಡಿಯುವ ಮಾಪಕಗಳೂ ಇವೆಯಂತೆ. ಇರಲಿ. ಮುಂಭಾಗದ ಮಿದುಳಿಗೆ ಏಟಾದವನು ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ’ ಎನ್ನುವಾಗ ಸುಳ್ಳಾಡುತ್ತಿರುವುದಿಲ್ಲ. ತನಗಾದ ಬದಲಾವಣೆ ಅವನಿಗೆ ಕಾಣುವುದೇ ಇಲ್ಲ. ಮದುವೆಮನೆಯಲ್ಲಿ ಬೀಗರ ಎದುರು ಅವನು ಏನೆಲ್ಲ ಆಡಿದ ಎಂಬುದು ಹೆಂಡತಿಗೆ ಗೊತ್ತು. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಅವನ ಕೈಗೆ ಪ್ರಶ್ನಾವಳಿ ಕೊಡುವುದು ಯಾವ ಜಾಣತನ?

ಹಾಗಾದರೆ ಪರೀಕ್ಷೆಯನ್ನೇ ಕಸದ ಬುಟ್ಟಿಗೆ ಹಾಕಬೇಕೆ ಎಂಬುದು ಕೊನೆಯ ಪ್ರಶ್ನೆ. ನಾನು ಹಾಗೆ ಹೇಳಿಯೇ ಇಲ್ಲ. ಪಾರ್ಕಿನ್ಸನ್, ಮೂರ್ಛೆರೋಗ, ಪಾರ್ಶ್ವವಾಯು ಇರುವವರಲ್ಲಿ ಖಿನ್ನತೆ ಸಾಮಾನ್ಯ. ಅದು ಕಣ್ತಪ್ಪಿದರೆ ನಷ್ಟ ರೋಗಿಗೇ. ನಾನು ಕೇಳುತ್ತಿರುವುದು ಇಷ್ಟೇ: ಮಾಪಕದ ಅಂಕ ಬರೆಯುವ ಮೊದಲು, ಅದರಲ್ಲಿ ಎಷ್ಟು ಪಾಲು ನರಲಕ್ಷಣಗಳಿಂದ ಬಂದದ್ದು ಎಂಬುದನ್ನು ವರದಿಯಲ್ಲಿ ನಮೂದಿಸಿ. ಹಿಸ್ಟೀರಿಯಾ ಮಾಪಕ ಏರಿತೆಂದು ಫಿಟ್ಸ್ ಬರುವವನ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಮಿದುಳಿನ ವಿದ್ಯುತ್ ಏರುಪೇರಿನಿಂದ ಬಂದದ್ದೋ ಅಲ್ಲವೋ ಎಂಬುದನ್ನು ತಿಳಿಯಲು, ವಿಡಿಯೊ ಜತೆಗೇ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ವಿಡಿಯೊ ಇಇಜಿ ಇದೆ.