ಕೈ ಯಾರದು, ಚಿತ್ರ ಯಾರದು

ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಮುಪ್ಪಿನಲ್ಲಿ ಸಂಧಿವಾತಕ್ಕೆ ಸಿಕ್ಕಿ ಗಾಲಿಕುರ್ಚಿ ಸೇರಿದ್ದ. ಕುಂಚವನ್ನು ಕೈಗೆ ಕಟ್ಟಿಸಿಕೊಂಡು ಬರೆಯುತ್ತಿದ್ದನೆಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಆದರೆ ಆ ಬಟ್ಟೆಪಟ್ಟಿ ಇದ್ದದ್ದು ಮುದುಡಿದ ಅಂಗೈಯ ಚರ್ಮ ಕಿತ್ತುಬರದಿರಲಿ ಎಂದು. ಕುಂಚವನ್ನು ಬೆರಳ ಸಂದಿಗೆ ಯಾರಾದರೂ ಸಿಕ್ಕಿಸಿಕೊಡುತ್ತಿದ್ದರು. 1913ರಿಂದ ಶಿಲ್ಪಕ್ಕೂ ಇಳಿದ. ಮಣ್ಣು ಮೆತ್ತಲು ರಿಷಾರ್ ಗಿನೋ ಎಂಬ ತರುಣ ಶಿಲ್ಪಿ ಬಂದ. ಮುದುಕ ಕೂತಲ್ಲಿಂದಲೇ ಹೇಳುವುದು, ಹುಡುಗ ಮಾಡುವುದು. ಹೆಸರು ಮಾತ್ರ ರೆನ್ವಾರನದು. ಗಿನೋ ದಶಕಗಳ ನಂತರ ಕೋರ್ಟು ಹತ್ತಿದ. 1973ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅವನನ್ನೂ ಕರ್ತೃವೆಂದು ಒಪ್ಪಿತು: ಶಿಲ್ಪಗಳಲ್ಲಿ ಅವನದೇ ಛಾಪೂ ಇತ್ತು.

ಕೈಕಾಲು, ಮಾತು ಮೂರೂ ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿಯವರ ಜೊತೆ ಚಿತ್ರ ಮಾಡಿಸುವವರಿಗೆ ಈ ತಗಾದೆಯೇ ಮೊದಲ ಪಾಠವಾಗಬೇಕು. ನ್ಯೂಜೆರ್ಸಿಯ ಮಥೇನಿ ಸಂಸ್ಥೆಯಲ್ಲಿ 1993ರಿಂದ ಇಂಥ ಕೆಲಸ ನಡೆದಿದೆ. ಅಲ್ಲಿಗೆ ಹೋಗಿದ್ದ ಅಮೂರ್ತ ಚಿತ್ರಕಾರ ಟಿಮ್ ಲೆಫೆನ್ಸ್ ಮುಂದೆ ಒಂದು ಸರಳ ಉಪಾಯ ಮಾಡಿದ. ಕಲಾವಿದರ ತಲೆಪಟ್ಟಿಗೆ ಲೇಸರ್. ಕೆಂಪು ಚುಕ್ಕೆ ಕ್ಯಾನ್ವಾಸಿನ ಮೇಲೆ ಹೋದಲ್ಲೆಲ್ಲ ಸಹಾಯಕನ ಕುಂಚ ಹಿಂಬಾಲಿಸುತ್ತದೆ. ಕ್ಯಾನ್ವಾಸು ಎಷ್ಟು ದೊಡ್ಡದು, ಯಾವ ಬಣ್ಣ, ದಪ್ಪವೋ ತೆಳುವೋ, ಕುಂಚವೋ ರೋಲರೋ, ಎಲ್ಲವನ್ನೂ ಕೇಳಬೇಕು. ಹೌದು-ಅಲ್ಲ ಎನ್ನಲು ಕಣ್ಣೋಟ ಸಾಕು.

ಕೇಳಿ, ಕಾಯಬೇಕು. ಕಷ್ಟವಿರುವುದು ಇಲ್ಲೇ. ಚುಕ್ಕೆ ನಡುಗುತ್ತದೆ, ಜಾರುತ್ತದೆ. ಅದು ಬಯಸಿದ ಗೆರೆಯೋ ಸ್ನಾಯುವಿನ ಸೆಳೆತವೋ ಎಂದು ಮತ್ತೆ ಕೇಳಬೇಕು. ಸಹಾಯಕ ಸ್ವತಃ ಕಲಾವಿದನಾಗಿದ್ದರಂತೂ ಕೈ ಕಡಿಯುತ್ತದೆ: ಇಲ್ಲೊಂದು ಹಳದಿ ಬಿದ್ದರೆ ಚಿತ್ರ ಎದ್ದುಬರುತ್ತಿತ್ತಲ್ಲ! ಆ ಹಳದಿಯನ್ನು ನುಂಗಿಕೊಳ್ಳುವುದೇ ಅವನ ಕಸುಬು.

ನಮ್ಮಲ್ಲಿ ಕೆಡುಕಾಗುವುದು ದುರಾಸೆಯಿಂದಲ್ಲ, ಅಕ್ಕರೆಯಿಂದ. ಡಿಸೆಂಬರ್ 3ರ ವಿಕಲಚೇತನರ ದಿನಕ್ಕೆ ಗಣ್ಯರು ಬರುವ ಮುನ್ನ ಚಿತ್ರ ಮುಗಿಯಬೇಕು. ಟೀಚರು ಹಿಂದೆ ನಿಂತು, ಮುಷ್ಟಿಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು, ಬೆಟ್ಟದ ಹಿಂದೊಂದು ಸೂರ್ಯನನ್ನು ಬರೆಸಿಬಿಡುತ್ತಾರೆ. 'ಇಲ್ಲೊಂಚೂರು ಹಸಿರು ಹಾಕೋಣ ಅಲ್ವಾ ಪುಟ್ಟಿ?' ಪುಟ್ಟಿಗೆ ನಲವತ್ತು ದಾಟಿರಬಹುದು. ಬೆಟ್ಟ ಬೇಕೇ ಎಂದು ಆಕೆಯನ್ನು ಯಾರೂ ಕೇಳಿಲ್ಲ. ಫೋಟೊ ಚೆನ್ನಾಗಿ ಬರುತ್ತದೆ.

ಹಾಗಾಗಿ 'ಇದನ್ನು ನಿಜಕ್ಕೂ ಬರೆದದ್ದು ಯಾರು?' ಎಂಬ ಅನುಮಾನವನ್ನು ನಾನು ಕುಹಕ ಎನ್ನಲಾರೆ. ಪರೀಕ್ಷೆಯೂ ಸುಲಭ. ಸಹಾಯಕರನ್ನು ಬದಲಿಸಿ ನೋಡಿ. ಕೈ ಬದಲಾದರೂ ಆ ಬಣ್ಣದ ಹಟ, ಖಾಲಿ ಬಿಡುವ ಆ ಜಾಗ ಮರಳಿ ಬಂದರೆ ಚಿತ್ರ ಗಾಲಿಕುರ್ಚಿಯಲ್ಲಿ ಕೂತವರದು. ಹೊಸ ಕೈ ಬಂದೊಡನೆ ಶೈಲಿಯೇ ಹೊರಳಿದರೆ ಅಲ್ಲೊಬ್ಬ ಗಿನೋ ಇದ್ದಾನೆ. ಅವನ ಹೆಸರನ್ನೂ ಹಾಕಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕನ್ನು ಹಕ್ಕೆಂದು ಹೇಳುತ್ತದೆ, ಕಲಾ ಕೋರ್ಸುಗಳನ್ನು ಇವರಿಗೂ ಒಗ್ಗುವಂತೆ ಬದಲಿಸಬೇಕೆನ್ನುತ್ತದೆ. ಅದಕ್ಕೆ ಬೇಕಾದ ದುಬಾರಿ ವಸ್ತು ಲೇಸರ್ ಅಲ್ಲ, ಅದು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅರ್ಧ ದಿನ ಒಂದೇ ಗೆರೆಗಾಗಿ ಕಾಯಬಲ್ಲ ಸಹಾಯಕರಿಗೆ ತರಬೇತಿ ಮತ್ತು ತಿಂಗಳ ಸಂಬಳ ಬೇಕು. ನಮ್ಮ ಚಿತ್ರಕಲಾ ಕಾಲೇಜುಗಳಲ್ಲಿ ಓದಿ ಕೆಲಸವಿಲ್ಲದೆ ಕೂತವರು ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರನ್ನಾದರೂ ಇದಕ್ಕೆ ತೆಗೆದುಕೊಳ್ಳಲು ಸರ್ಕಾರಕ್ಕೆ ಏನು ಅಡ್ಡಿ?