ಕೋವಿಯ ಹಿಂದೆ ಹೊರಟ ಸಂಸಾರ

ಊರು ಬಿಡುವವರಿಗೆ ನೂರು ಕಾರಣಗಳಿರುತ್ತವೆ. ನಮ್ಮ ಪುತ್ತೂರು ಸೀಮೆಯಿಂದ ಹೋಟೆಲು ಇಡಲೆಂದು ಘಟ್ಟ ಹತ್ತಿದವರಿದ್ದಾರೆ, ಅಣ್ಣತಮ್ಮಂದಿರ ಜಗಳದಲ್ಲಿ ಪಾಲು ತೆಗೆದುಕೊಂಡು ಮುಂಬಯಿ ಸೇರಿದವರಿದ್ದಾರೆ. ನಾನೇ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಐದು ಸಲ ಪಾತ್ರೆಪಗಡೆ ಕಟ್ಟಿದ್ದೇನೆ. ಆದರೆ ಮನೆಯಲ್ಲಿರುವ ಕೋವಿಗೆ ಈ ಊರು ಒಗ್ಗುವುದಿಲ್ಲವೆಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡೂವರೆ ಸಾವಿರ ಕಿಲೋಮೀಟರು ದೂರ ಹೋದವನನ್ನು ನಾನು ಕಂಡದ್ದು ಒಬ್ಬನನ್ನೇ. ಅವನು ನನ್ನ ಅಕ್ಕನ ಮಗ.

2023ರ ಬೇಸಿಗೆ ರಜೆಯಲ್ಲಿ ಅಕ್ಕನ ಜೊತೆ ನಾನೂ ಅಮೆರಿಕಕ್ಕೆ ಹೋಗಿದ್ದೆ. ಆಗ ಅವನ ಮನೆ ಇದ್ದದ್ದು ನ್ಯೂಜೆರ್ಸಿಯಲ್ಲಿ. ನಡೆದು ಹೋಗುವ ದೂರದಲ್ಲಿ ಇಡ್ಲಿ ಸಿಗುತ್ತಿತ್ತು, ದೇವಸ್ಥಾನವಿತ್ತು, ಮಗಳ ಶಾಲೆಯಿತ್ತು. ಮಗಳಿಗೆ ಹದಿನಾಲ್ಕು, ಮಗನಿಗೆ ಒಂಬತ್ತು. ಹೋದ ಮೂರನೆಯ ದಿನ ಅವನು ನನ್ನನ್ನು ಕರೆದು ಕಪಾಟಿನೊಳಗಿನ ಕಬ್ಬಿಣದ ಪೆಟ್ಟಿಗೆ ತೆರೆದು ತೋರಿಸಿದ. ಎರಡು ಪಿಸ್ತೂಲು, ಒಂದು ರೈಫಲ್. ನಾನು ಮೆಚ್ಚುತ್ತೇನೆಂದು ಭಾವಿಸಿದ್ದನೋ ಏನೋ. ಅಜ್ಜನ ಮನೆಯಲ್ಲಿ ಕೋವಿಯಿತ್ತೆಂದು ಅವನಿಗೆ ಗೊತ್ತು. ಅದು ಯಾಕೆ ಇಲ್ಲವಾಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಚಿಕ್ಕಮ್ಮ, ಈ ರಾಜ್ಯದಲ್ಲಿ ನಾವು ಕಳ್ಳರ ಹಾಗೆ ಬದುಕಬೇಕು. ಟೆಕ್ಸಾಸಿಗೆ ಹೋಗುವುದೆಂದು ನಿಶ್ಚಯ ಮಾಡಿದ್ದೇನೆ" ಎಂದ.

ಅವನ ದೂರನ್ನು ಮೊದಲು ನ್ಯಾಯವಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೋವಿಯ ಹಕ್ಕು ಸಂವಿಧಾನದಲ್ಲಿಯೇ, 1791ರ ಎರಡನೆಯ ತಿದ್ದುಪಡಿಯಲ್ಲಿದೆ. ಆದರೆ ಆ ಹಕ್ಕನ್ನು ಹೇಗೆ ಅನುಭವಿಸಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ಕೊಳ್ಳುವ ಮೊದಲು ಪೊಲೀಸರಿಂದ ಗುರುತಿನ ಕಾರ್ಡು ಬೇಕು, ಬೆರಳಚ್ಚು ಕೊಡಬೇಕು, ನಮ್ಮ ಗುಣನಡತೆ ಬಲ್ಲವರ ಹೆಸರು ಕೊಡಬೇಕು, ಒಂದೊಂದು ಪಿಸ್ತೂಲಿಗೂ ಬೇರೆ ಬೇರೆ ಪರವಾನಗಿ ಪಡೆಯಬೇಕು. 2018ರಿಂದ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಇಟ್ಟುಕೊಳ್ಳುವಂತಿಲ್ಲ. ಕೈಯಲ್ಲಿ ಹಿಡಿದು ಓಡಾಡುವ ಅನುಮತಿಯಂತೂ 2022ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಡುವ ತನಕ ಸಾಮಾನ್ಯರಿಗೆ ಸಿಗುತ್ತಿರಲೇ ಇಲ್ಲ. ಪರವಾನಗಿ ಇಲ್ಲದೆ ಪಿಸ್ತೂಲು ಒಯ್ದರೆ ಐದರಿಂದ ಹತ್ತು ವರ್ಷ ಸೆರೆ. 2013ರಲ್ಲಿ ಪಕ್ಕದ ಪೆನ್ಸಿಲ್ವೇನಿಯದ ಒಬ್ಬ ತಾಯಿ, ತನ್ನ ರಾಜ್ಯದ ಲೈಸನ್ಸು ಇಲ್ಲಿಯೂ ನಡೆಯುತ್ತದೆಂದು ನಂಬಿ ಬಂದವಳು, ಪೊಲೀಸರು ಕಾರು ನಿಲ್ಲಿಸಿದಾಗ ತಾನಾಗಿಯೇ "ನನ್ನಲ್ಲಿ ಪಿಸ್ತೂಲಿದೆ" ಎಂದು ಹೇಳಿ ಸಿಕ್ಕಿಬಿದ್ದಳು. 2015ರಲ್ಲಿ ಗವರ್ನರು ಕ್ಷಮಾದಾನ ಕೊಡುವವರೆಗೆ ಅವಳಿಗೆ ನೆಮ್ಮದಿಯಿರಲಿಲ್ಲ. ಈ ಕತೆಯನ್ನು ಅವನು ಹೇಳಿದಾಗ ನನಗೂ ಅಯ್ಯೋ ಅನ್ನಿಸಿತು. ಸತ್ಯ ಹೇಳಿದವರನ್ನು ಹಿಡಿಯುವ ಕಾನೂನು ಎಲ್ಲಿದ್ದರೂ ಅದು ಒಳ್ಳೆಯ ಕಾನೂನಲ್ಲ.

ಟೆಕ್ಸಾಸಿನಲ್ಲಿ ಇದೊಂದೂ ಇಲ್ಲ. ಬೇರೆ ಊರಿಂದ ಕೋವಿ ತಂದವನು ಎಲ್ಲಿಯೂ ಬರೆಸಬೇಕಾಗಿಲ್ಲ. 2021ರ ಸೆಪ್ಟೆಂಬರ್ 1ರಿಂದ, ಅಪರಾಧ ಮೊದಲಾದ ಅಡ್ಡಿಗಳಿಲ್ಲದ ಇಪ್ಪತ್ತೊಂದು ತುಂಬಿದವರು ಯಾವ ಲೈಸನ್ಸೂ ಇಲ್ಲದೆ ಪಿಸ್ತೂಲು ಧರಿಸಿ ಪೇಟೆಗೆ ಹೋಗಬಹುದು.

ನಮ್ಮ ಹುಡುಗ ಆಮೇಲೆ ಒಂದು ನಕಾಶೆ ತೆಗೆದ. ಪೆನ್ಸಿಲ್ವೇನಿಯ, ವರ್ಜೀನಿಯ, ಟೆನೆಸಿ, ಆರ್ಕನ್ಸಾ, ಹೀಗೆ ಎಲ್ಲಿ ಹಾದರೆ ತೊಂದರೆ ಕಡಿಮೆಯೆಂದು ಗುರುತು ಹಾಕಿದ್ದ. ದಾರಿಯುದ್ದಕ್ಕೂ ಕೋವಿಯ ಗುಂಡು ತೆಗೆದು, ಕೈಗೆ ಸಿಗದಂತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟರೆ ಕೇಂದ್ರದ 1986ರ ಕಾಯ್ದೆ ರಕ್ಷಣೆ ಕೊಡುತ್ತದಂತೆ. ಹಿಂದಿನ ಕಾಲದಲ್ಲಿ ಕಾಶಿಯಿಂದ ಬರುವವರು ಗಂಗೆಯ ಗಿಂಡಿಯನ್ನು ಕಾಪಾಡುತ್ತಿದ್ದರಲ್ಲ, ಅಷ್ಟು ಭಕ್ತಿ! ಮಗಳ ಶಾಲೆಯ ವಿಷಯಕ್ಕೆ ಅಂಥ ನಕಾಶೆ ಇದೆಯೇ ಎಂದು ಕೇಳಿದೆ. "ಅಲ್ಲಿಯೂ ಒಳ್ಳೆಯ ಶಾಲೆ ಉಂಟು ಚಿಕ್ಕಮ್ಮ" ಎಂದ. ಹುಡುಗಿ ಊಟದ ಮೇಜಿನಿಂದ ಎದ್ದು ಹೋದಳು. ಅವಳು ಆ ಎರಡು ವಾರಗಳಲ್ಲಿ ಹೀಗೆ ಎದ್ದು ಹೋದದ್ದನ್ನು ನಾನು ಲೆಕ್ಕ ಇಟ್ಟಿದ್ದೆ. ಮಕ್ಕಳ ಮುಖ ಓದುವುದೇ ಹೊಟ್ಟೆಪಾಡಾದವಳಿಗೆ ಅದು ಕಾಣದೆ ಹೋಗುವುದಿಲ್ಲ.

ಟೆಕ್ಸಾಸಿನಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯಿಲ್ಲ, ಅದಕ್ಕೆ ಹೋಗುತ್ತೇನೆ ಎಂದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಅದು ಸಂಸಾರಸ್ಥನ ಲೆಕ್ಕ. ಆದರೆ ಅವನು ಸ್ವಾತಂತ್ರ್ಯ ಎಂಬ ಮಾತು ತೆಗೆದ. ನನ್ನ ತಕರಾರು ಇರುವುದು ಅಲ್ಲಿ.

ಯಾಕೆ ಬೇಕು ಈ ಕೋವಿ ಎಂದರೆ ಉತ್ತರ ಒಂದೇ, ಭಯ. ನಮ್ಮವರ ಮನೆಗಳಲ್ಲಿ ಚಿನ್ನವಿರುತ್ತದೆಂದು ಅಲ್ಲಿಯ ಕಳ್ಳರಿಗೂ ಗೊತ್ತಂತೆ. ಎರಡು ಬೀದಿ ಆಚೆಗಿನ ಗುಜರಾತಿ ಮನೆಯಲ್ಲಿ ಕಳವಾಗಿತ್ತು. ಯಾವಾಗ ಎಂದು ಕೇಳಿದೆ. ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದಾಗ! ಹಾಗಾದರೆ ಕೋವಿ ಇದ್ದಿದ್ದರೆ ಏನಾಗುತ್ತಿತ್ತು ಮಾರಾಯ? ಬಳೆ, ಸರದ ಜೊತೆ ಅದೂ ಹೋಗುತ್ತಿತ್ತು, ಕಳ್ಳನ ಕೈಗೆ ಒಂದು ಆಯುಧ ದಾನವಾಗುತ್ತಿತ್ತು. ಅವನು ನಕ್ಕ. ಆದರೆ ಉತ್ತರ ಕೊಡಲಿಲ್ಲ.

ನಾವು ಅಲ್ಲಿದ್ದಾಗಲೇ, ಮೇ 6ರ ಶನಿವಾರ, ಅವನು ಮನೆ ನೋಡುತ್ತಿದ್ದ ಡಲ್ಲಾಸ್ ಕಡೆಯ ಆಲೆನ್ ಎಂಬ ಊರಿನ ಅಂಗಡಿ ಸಾಲಿನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಂದ. ಅವರಲ್ಲಿ ಮೂವರು ಮಕ್ಕಳು. ಭಾರತದಿಂದ ಹೋಗಿದ್ದ ಒಬ್ಬ ಎಂಜಿನಿಯರ್ ಹುಡುಗಿಯೂ ಸೇರಿದ್ದಳು. ಲೈಸನ್ಸಿಲ್ಲದೆ ಪಿಸ್ತೂಲು ಧರಿಸಬಹುದಾದ ರಾಜ್ಯದಲ್ಲಿ, ಶನಿವಾರದ ಜನಜಂಗುಳಿಯಲ್ಲಿ, ಆ ಕೊಲೆಗಾರನನ್ನು ಕೊನೆಗೆ ಹೊಡೆದವನು ಬೇರೇನೋ ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ ಒಬ್ಬ ಪೊಲೀಸನು. ಸಂಬಳ ಪಡೆದು, ತರಬೇತಿ ಪಡೆದು, ಸರಕಾರಕ್ಕೆ ಉತ್ತರ ಹೇಳಬೇಕಾದವನು. ನನ್ನ ಅಕ್ಕ ಟಿ.ವಿ.ಯ ಮುಂದೆ ಕುಳಿತು ಅತ್ತಳು. ಮಗ ಹೇಳಿದ: "ನೋಡಿದೆಯಾ ಅಮ್ಮ, ಅದಕ್ಕೇ ನಮ್ಮ ಕೈಯಲ್ಲಿ ಒಂದು ಇರಬೇಕು ಅನ್ನುವುದು." ಜ್ವರಕ್ಕೆ ಕಾರಣವಾದದ್ದನ್ನೇ ಮದ್ದೆಂದು ಕುಡಿಸುವ ಈ ವೈದ್ಯ ನನ್ನ ತಲೆಗೆ ಹತ್ತುವುದಿಲ್ಲ.

ಶಾಲೆಯ ಮಾತು ಬಂದರೆ ನಾನು ಸುಮ್ಮನಿರಲಾರೆ. ಅದೇ ಟೆಕ್ಸಾಸಿನ ಯುವಾಲ್ಡಿಯಲ್ಲಿ 2022ರ ಮೇ 24ರಂದು ನಾಲ್ಕನೆಯ ತರಗತಿಯ ಹತ್ತೊಂಬತ್ತು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಕೊಂದವನು ಹದಿನೆಂಟು ತುಂಬಿದ ಕೂಡಲೇ ಅಂಗಡಿಯಿಂದ ಕಾನೂನು ಪ್ರಕಾರವೇ ರೈಫಲ್ ಕೊಂಡಿದ್ದ. 376 ಮಂದಿ ಕಾನೂನು ಪಾಲಕರು ಬಂದಿದ್ದರು. ತರಗತಿಯೊಳಗೆ ಹೋಗಲು ಒಂದು ಗಂಟೆ ದಾಟಿತು. ಇಷ್ಟು ಕೋವಿಗಳು ಬಾಗಿಲ ಹೊರಗೆ ಕೈಕಟ್ಟಿ ನಿಂತಿರುವಾಗ, ಪರಿಹಾರವೆಂದು ಹೇಳುವುದೇನು? ಶಿಕ್ಷಕರ ಕೈಗೂ ಕೋವಿ ಕೊಡಿ! ತರಬೇತಿ ಪಡೆದ ಶಾಲಾ ಸಿಬ್ಬಂದಿ ಪಿಸ್ತೂಲು ಇಟ್ಟುಕೊಳ್ಳಲು ಆ ರಾಜ್ಯ 2013ರಲ್ಲಿಯೇ ಕಾನೂನು ಮಾಡಿದೆ. ನನ್ನನ್ನೇ ತೆಗೆದುಕೊಳ್ಳಿ. ಕನ್ನಡಕ ಹಣೆಯ ಮೇಲಿರುವಾಗ ಸ್ಟಾಫ್ ರೂಮೆಲ್ಲ ಹುಡುಕುವವಳು ನಾನು. ಡಸ್ಟರು ಮೂರನೆಯ ಪೀರಿಯಡ್ಡಿನಲ್ಲಿ ಎಲ್ಲಿ ಬಿಟ್ಟೆನೆಂದು ನಾಲ್ಕನೆಯದರಲ್ಲಿ ನೆನಪಿರುವುದಿಲ್ಲ. ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಪಿಸ್ತೂಲಿಟ್ಟು ಮಕ್ಕಳಿಗೆ ಪದ್ಯ ಹೇಳಿಕೊಡು ಎಂದರೆ, ಆ ಶಾಲೆಯಲ್ಲಿ ಮೊದಲು ಹೆದರಬೇಕಾದದ್ದು ನನಗೇ.

ಇಷ್ಟಾದಾಗ ಅವನು ತುರುಫಿನ ಎಲೆ ಎಸೆದ. "ನಮ್ಮ ಕೊಡಗಿನಲ್ಲಿ ಲೈಸನ್ಸಿಲ್ಲದೆ ಇಟ್ಟುಕೊಳ್ಳುವುದಿಲ್ಲವಾ?" ಹೌದು, ಇಟ್ಟುಕೊಳ್ಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದ, 1861ರಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು. ನಾನು ನೌಕರಿಯ ಮೊದಲ ಮೂರು ವರ್ಷ ವಿರಾಜಪೇಟೆ ಕಡೆ ಇದ್ದವಳು. ಕೈಲ್ ಪೊಳ್ದ್ ದಿನ ಮನೆಯ ಕೋವಿಯನ್ನು ತೊಳೆದು, ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಸಿಕ್ಕಿಸಿ ಕೈಮುಗಿಯುವುದನ್ನು ಕಂಡಿದ್ದೇನೆ. ಗಂಡು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಊರಿಗೆ ಅದು ಸುದ್ದಿ. ಆ ಕೋವಿಗೆ ಒಂದು ಐನ್‌ಮನೆಯಿದೆ, ಹಿರಿಯರಿದ್ದಾರೆ, ಅದು ಯಾರ ಕೈಗೆ ಹೋಯಿತೆಂದು ಕೇಳುವ ನೆರೆಕರೆಯಿದೆ. ಅಲ್ಲಿಯೂ ಕೋವಿಯಿಂದ ಅನಾಹುತ ಆಗಿಲ್ಲವೆಂದು ನಾನು ಹೇಳಲಾರೆ, ಆಗಿವೆ. ಆದರೆ ಮಣ್ಣಿಗೆ ಕಟ್ಟಿಕೊಂಡ ಕೋವಿಗೂ, ಕೋವಿಗಾಗಿ ಮಣ್ಣನ್ನೇ ಬದಲಿಸಿದವನಿಗೂ ಎಲ್ಲಿಯ ಹೋಲಿಕೆ? ಆಲೆನ್ನಿನ ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದವನಿಗೆ ಯಾವ ಐನ್‌ಮನೆ?

ನಮ್ಮ ಮನೆಯ ಕೋವಿಯ ಕತೆ ಬೇರೆ. ಅಪ್ಪನಲ್ಲಿ ಒಂಟಿ ನಳಿಗೆಯ ತೋಟೆ ಕೋವಿಯಿತ್ತು. ಬೆಳೆ ರಕ್ಷಣೆಗೆಂದು ಸರಕಾರ ಕೊಟ್ಟ ಲೈಸನ್ಸು. ಮಂಗಗಳಿಗೆ, ಹಂದಿಗಳಿಗೆ ಅದರ ಸದ್ದು ಸಾಕಾಗುತ್ತಿತ್ತು. ಲೈಸನ್ಸಿನ ಪುಸ್ತಕ ಹಿಡಿದು ಕಚೇರಿ ಸುತ್ತುವುದು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಇದಕ್ಕೆ ಅಪ್ಪ ಗೊಣಗಿದಷ್ಟು ಬೇರಾವುದಕ್ಕೂ ಗೊಣಗಿದವರಲ್ಲ. ಹಂದಿಗಳಿಗೆ ಚುನಾವಣೆಯ ದಿನಾಂಕ ಗೊತ್ತಿರುತ್ತದೆಯೇ ಎನ್ನುತ್ತಿದ್ದರು. ಈಗಲೂ ನಮ್ಮ ಕಡೆಯ ಕೃಷಿಕರ ದೂರು ಅದೇ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ.

1984ರಲ್ಲಿ ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನ ನನ್ನ ದೊಡ್ಡಪ್ಪನ ಮಗ ಆ ಕೋವಿಯಿಂದ ಸತ್ತ. ಅವನಿಗೆ ಹದಿನೆಂಟು. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ನನಗೆ ಸೈಕಲ್ಲು ಕಲಿಸಿದವನು. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ ಇರುತ್ತಿದ್ದವು. ಆದರೆ ಎರಡೂ ಎಲ್ಲಿವೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಧ್ಯಾಹ್ನ ಕಳೆದಿದ್ದರೆ ಅವನು ಸೆಪ್ಟೆಂಬರಿನಲ್ಲಿ ಪುನಃ ಪರೀಕ್ಷೆಗೆ ಕುಳಿತು ಪಾಸಾಗುತ್ತಿದ್ದ, ಅನುಮಾನವಿಲ್ಲ. ನಪಾಸಾಗಿ ಅತ್ತ ಎಷ್ಟು ಹುಡುಗರನ್ನು ನಾನು ಈ ಮೂವತ್ತು ವರ್ಷದಲ್ಲಿ ಕಂಡಿಲ್ಲ! ಒಂದು ಮಧ್ಯಾಹ್ನ, ಒಂದು ರಾತ್ರಿ ದಾಟಿಸಿದರೆ ಅವರು ಬದುಕಿಕೊಳ್ಳುತ್ತಾರೆ. ಕೋವಿ ಆ ಅವಧಿಯನ್ನು ಕೊಡುವುದಿಲ್ಲ. ಪೊಲೀಸರ ಕಾಗದಪತ್ರ ಮುಗಿದ ಮೇಲೆ ಅಪ್ಪ ಕೋವಿಯನ್ನೂ ಪುಸ್ತಕವನ್ನೂ ಸರಕಾರಕ್ಕೆ ಒಪ್ಪಿಸಿ ಬಂದರು. "ಮಂಗ ತಿಂದದ್ದು ತಿನ್ನಲಿ" ಎಂದರು. ಆಮೇಲೆ ಸಾಯುವವರೆಗೂ ಕೋವಿಯ ಸುದ್ದಿ ಎತ್ತಿದವರಲ್ಲ.

ಇದನ್ನು ಅವನಿಗೆ ಹೇಳಿದೆ. ಅಕ್ಕ ಬೇಡ ಬೇಡವೆಂದು ಕಣ್ಣಿನಲ್ಲೇ ತಡೆದಳು, ಆದರೂ ಹೇಳಿದೆ. ಅಮೆರಿಕದ ಲೆಕ್ಕವನ್ನೂ ಹೇಳಿದೆ. 2021ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು 48,830. ಅದರಲ್ಲಿ 26,328 ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳರೂ ಅಲ್ಲ, ಕೊಲೆಗಾರರೂ ಅಲ್ಲ, ಅರ್ಧಕ್ಕಿಂತ ಹೆಚ್ಚು ಸಾವು ಸ್ವಂತ ಕೈಯಿಂದಲೇ ಬಂದದ್ದು. ಅದೇ ವರ್ಷ ಲಕ್ಷ ಜನರಿಗೆ ಟೆಕ್ಸಾಸಿನಲ್ಲಿ 15.6, ಇವನು ಕಳ್ಳನ ಹಾಗೆ ಬದುಕಬೇಕೆಂದು ದೂರುವ ನ್ಯೂಜೆರ್ಸಿಯಲ್ಲಿ 5.2. "ಅಂಕಿಗಳಿಗೆ ಬೇರೆ ಕಾರಣಗಳೂ ಇರುತ್ತವೆ ಚಿಕ್ಕಮ್ಮ" ಎಂದ. ಇರಬಹುದು, ನಾನು ಬಿಎ ಓದಿದವಳು, ಗಣಿತದವಳಲ್ಲ. ಆದರೆ ಆ ಕಪಾಟು ಇರುವ ಮನೆಯಲ್ಲಿ ಹದಿನಾಲ್ಕರ ಒಂದು ಹುಡುಗಿ ಊಟದ ನಡುವೆ ಎದ್ದು ಹೋಗುತ್ತಿದ್ದಾಳೆ, ಗೆಳತಿಯರಿಂದ ಅವಳನ್ನು ಕಿತ್ತು ಗೊತ್ತುಗುರಿಯಿಲ್ಲದ ಊರಿಗೆ ಒಯ್ಯುತ್ತಿದ್ದೀಯಲ್ಲ, ಅದೂ ಆ ಕಪಾಟಿನ ಸಲುವಾಗಿ, ಇದಕ್ಕೆ ಯಾವ ಗಣಿತ ಬೇಕು? ಇಪ್ಪತ್ತೊಂದು ತುಂಬಿದವನ ಹಕ್ಕಿನ ಮಾತನಾಡುವವರು ಮನೆಯಲ್ಲಿರುವ ಹದಿನಾಲ್ಕರವಳನ್ನು ಯಾವ ತಿದ್ದುಪಡಿಯಲ್ಲಿ ಲೆಕ್ಕ ಹಿಡಿದಿದ್ದಾರೆ?

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆದರೂ ಆ ಜುಲೈಯಲ್ಲಿ ಹೋದ.

ಭಾನುವಾರ ರಾತ್ರಿ ಫೋನು ಮಾಡುತ್ತಾನೆ, ಅಂದರೆ ಅವರಿಗೆ ಬೆಳಿಗ್ಗೆ. ಮನೆ ದೊಡ್ಡದಂತೆ, ಹಿತ್ತಿಲಿನಲ್ಲಿ ಬಸಳೆ ಬಂದಿದೆಯಂತೆ. ಪೆಟ್ಟಿಗೆಗೆ ಈಗ ನಂಬರಿನ ಬೀಗ, ಗುಂಡುಗಳಿಗೆ ಬೇರೆ ಬೀಗ, ಚಿಂತೆ ಮಾಡಬೇಡಿ ಎಂದ. ಹೋದ ತಿಂಗಳು ಅವನು ಬಸಳೆ ತೋರಿಸಲು ಹಿತ್ತಿಲಿಗೆ ಹೋಗುವಾಗ ಫೋನನ್ನು ಮಗಳ ಕೈಗೆ ಕೊಟ್ಟಿದ್ದ. ಅಪ್ಪನ ಪೆಟ್ಟಿಗೆಯ ನಂಬರು ನಿನಗೆ ಗೊತ್ತುಂಟಾ ಮಗಾ ಎಂದು ಮೆಲ್ಲಗೆ ಕೇಳಿದೆ. ಸ್ವಲ್ಪ ತಡೆದು, "ತಮ್ಮನ ಬರ್ತ್‌ಡೇ, ಅಜ್ಜಿ" ಎಂದಳು.

ಅವತ್ತೇ ಅವನಿಗೆ ಹೇಳಿದೆ. ಬದಲಿಸಿದ್ದೇನೆ ಎಂದಿದ್ದಾನೆ. ಗುಂಡಿನ ಬೀಗದ ನಂಬರು ಯಾವುದೆಂದು ಈ ಭಾನುವಾರ ಹುಡುಗಿಯನ್ನೇ ಕೇಳಬೇಕು.